ನಲವತ್ನಾಲ್ಕು ಇಂಚಿನ ಚಕ್ರಗಳು

ಟೈರಿನೊಳಗೆ ಬೆಂಕಿ ಹಚ್ಚಿ ಅದನ್ನು ಚಕ್ರಕ್ಕೆ ಕೂರಿಸುತ್ತಾರೆಂದರೆ, ಬೆಳಕಿಗೆ ಸಿಕ್ಕಿ ಕಲ್ಲಾಗಿ ಹೋದ ರಾಕ್ಷಸಿಯರ ಕಥೆಗಳನ್ನು ಊಟದ ಜೊತೆ ನುಂಗಿ ಬೆಳೆದ ಸ್ವಾಲಾ ಕೂಡ ನಂಬುತ್ತಿರಲಿಲ್ಲ. ಈಗ ಅವಳು ಕುರಿಕೊಟ್ಟಿಗೆಯ ಗೋಡೆಗೆ ಬೆನ್ನು ಒತ್ತಿ, ಎರಡೂ ಕಿವಿಗೆ ಉಣ್ಣೆಯ ಕೈಗವಸು ಅವುಚಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು.

"ಕಣ್ಣು ಮುಚ್ಚಬೇಡ ಕಣೇ. ಮುಚ್ಚಿದ್ರೆ ಹೆದರಿಕೆ ಜಾಸ್ತಿ," ಅಂದ ಓಡ್ಡೂರ್. ಅವನು ಅವಳ ಸೋದರಮಾವ.

"ನಿಂಗೆ ಹೇಗೆ ಗೊತ್ತು ಮಾವ?"

"ಒಂದ್ಸಲ ಮುಚ್ಚಿದ್ದೆ. ಈ ಎಡ ಹುಬ್ಬು ಹೋಗಿದ್ದು ಅವತ್ತೇ."

ಅವನ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ನಗುವಾಗಲೂ ಆ ಕಡೆಯ ಮುಖ ಆಶ್ಚರ್ಯಪಟ್ಟಂತೆಯೇ ಇರುತ್ತಿತ್ತು.

ನಾಲ್ಕು ಟೈರುಗಳು ಅಮೆರಿಕದಿಂದ ಹಡಗಿನಲ್ಲಿ ಬಂದು ನಾಲ್ಕೇ ದಿನವಾಗಿತ್ತು. ನೆಟ್ಟಗೆ ನಿಲ್ಲಿಸಿದರೆ ಸ್ವಾಲಾಳ ಎದೆಮಟ್ಟಕ್ಕೆ ಬರುತ್ತಿದ್ದವು; ಅಗಲವೋ, ಎರಡು ಕೈ ಬೇಕು. ಇಡೀ ಐಸ್‌ಲ್ಯಾಂಡಿನಲ್ಲಿ ಅಷ್ಟು ದೊಡ್ಡ ಚಕ್ರ ಹಾಕಿಕೊಂಡ ಗಾಡಿಗಳು ಆಗ ಬೆರಳೆಣಿಕೆಯಷ್ಟು; ಅವರ ಕೊಲ್ಲಿಯ ಸುತ್ತಮುತ್ತ ಒಂದೂ ಇರಲಿಲ್ಲ. ಅವುಗಳಿಗಾಗಿ ಓಡ್ಡೂರ್ ಶರತ್ಕಾಲದಲ್ಲೇ ತನ್ನ ಪಿಕಪ್ಪಿನ ಚಕ್ರದ ಮೇಲಿನ ತಗಡುಗಳನ್ನು ಕತ್ತರಿಸಿ, ಮೈಯನ್ನು ಒಂದು ಮೊಳ ಎತ್ತಿ, ಎರಡೆರಡು ಕಬ್ಬಿಣದ ಚಕ್ರಗಳನ್ನು ಕೊಯ್ದು ಬೆಸೆದು ಒಂದೊಂದು ಅಗಲ ಚಕ್ರ ಮಾಡಿಟ್ಟಿದ್ದ. ಆದರೆ ಅಷ್ಟು ಅಗಲದ ಚಕ್ರಕ್ಕೆ ಟೈರು ಕಚ್ಚಿಕೊಳ್ಳುವುದಿಲ್ಲ. ಪಂಪಿನಲ್ಲಿ ಎಷ್ಟು ಗಾಳಿ ತುಂಬಿದರೂ ಅಂಚಿನಿಂದ ಬುಸ್ಸೆಂದು ಹೊರಗೆ ಬರುತ್ತದೆ. ಅದಕ್ಕೇ ಒಳಗೊಂದಿಷ್ಟು ಬೇಗ ಹತ್ತಿಕೊಳ್ಳುವ ದ್ರವ ಚಿಮುಕಿಸಿ, ದೂರ ನಿಂತು ಉರಿಯುವ ಕೋಲು ಚಾಚುವುದು. ಒಳಗಿನ ಗಾಳಿ ಒಮ್ಮೆಲೇ ಹಿಗ್ಗಿ ರಬ್ಬರನ್ನು ಕಬ್ಬಿಣಕ್ಕೆ ಹೊಡೆದು ಕೂರಿಸುತ್ತದೆ. ಕೂರಿಸದಿದ್ದರೆ ಹುಬ್ಬು ಹೋಗುತ್ತದೆ.

ಧಡ್.

ಮೊದಲನೆಯದು ನೆಲದಿಂದ ಒಂದು ಗೇಣು ಹಾರಿ ಬಿತ್ತು. ಪಕ್ಕದ ದೊಡ್ಡಿಯಲ್ಲಿ ಕುರಿಗಳು ಅರಚುವುದನ್ನು ನಿಲ್ಲಿಸಿದವು. ಎರಡನೆಯದು, ಮೂರನೆಯದು. ಪ್ರತಿ ಸಲವೂ ಸ್ವಾಲಾ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

"ನಾಲ್ಕನೇದು ನಿಂದು," ಅಂದ ಓಡ್ಡೂರ್, ಕೋಲನ್ನು ಅವಳ ಕೈಗೆ ಕೊಡುತ್ತ. "ಬ್ರಾಗಿ ನಿಮ್ಮಣ್ಣ ತಾನೆ?"

ಅವಳು ಕಿವಿಯಿಂದ ಕೈ ತೆಗೆದು ಕೋಲು ಹಿಡಿದಳು.

ಬ್ರಾಗಿ ಹೀದಿಯ ಮೇಲಿದ್ದ. ಹೀದಿ ಎಂದರೆ ಅವರ ಮನೆಯ ಹಿಂದೆ ಏರಿ ಹೋಗುವ ಬಯಲುಬೆಟ್ಟ. ಬೇಸಿಗೆಯಲ್ಲಿ ಕುರಿಗಳದು, ಚಳಿಗಾಲದಲ್ಲಿ ಯಾರದ್ದೂ ಅಲ್ಲ. ಅದರ ನಡುವೆ ನದಿಯ ನೀರಿನ ಮಟ್ಟ ಅಳೆಯುವವರ ಒಂದು ಗುಡಿಸಲು. ಚಳಿಗಾಲದ ಕಾವಲಿಗೆ ಬ್ರಾಗಿ ಒಬ್ಬನೇ ಹೋಗಿದ್ದ. ಮೂರು ದಿನದ ಹಿಂದೆ ರೇಡಿಯೋದಲ್ಲಿ ಅವನ ದನಿ ಕೇಳಿಸಿತ್ತು: ಒಲೆಯ ಎಣ್ಣೆಯ ಪೀಪಾಯಿ ಸೋರಿಹೋಗಿದೆ, ಒಂದು ಡಬ್ಬಿ ಉಳಿದಿದೆ, ಬಲಗೈ ಸುಟ್ಟಿದೆ, ಗಾಬರಿ ಬೇಡ. ಆಮೇಲೆ ದನಿಯಿಲ್ಲ. ರಕ್ಷಣಾ ತಂಡದ ಹಿಮಗಾಡಿಯ ಎಂಜಿನ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಹೆಲಿಕಾಪ್ಟರಿನವರು ಗಾಳಿ ಇಳಿಯಲಿ ಅಂದರು. ಗಾಳಿ ಇಳಿಯಲಿಲ್ಲ. ಒಂದು ಡಬ್ಬಿ ಎಣ್ಣೆ ಎರಡು ದಿನಕ್ಕೆ ಸಾಕು. ಇವತ್ತು ಮೂರನೆಯ ದಿನ.

ಸ್ವಾಲಾ ಕೋಲು ಚಾಚಿದಳು. ಜ್ವಾಲೆ ಟೈರಿನ ಅಂಚಿಗೆ ತಾಗಿತು, ನೀಲಿಯಾಗಿ ಒಳಗೆ ನುಸುಳಿತು, ಆರಿಹೋಯಿತು. ಏನೂ ಆಗಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಅಲ್ಲೇ ನಿಲ್ಲು," ಅಂದ ಮಾವ ಮೆಲ್ಲಗೆ. "ಆರಿಲ್ಲ ಅದು."

ಅವಳ ಕಾಲು ಗಾಳಿಯಲ್ಲೇ ನಿಂತಿತು. ಆಗ ಧಡ್ ಎಂದಿತು. ಬಿಸಿಗಾಳಿ ಮುಖಕ್ಕೆ ಬಡಿದು, ಕೂದಲು ಸುಟ್ಟ ವಾಸನೆ ಬಂತು. ಹುಬ್ಬು ಮುಟ್ಟಿ ನೋಡಿಕೊಂಡಳು. ಎರಡೂ ಇದ್ದವು.

ಜಾಕಿಯಿಂದ ಇಳಿಸಿದಾಗ ಗಾಡಿ ಬೇರೆಯೇ ಪ್ರಾಣಿಯಾಗಿತ್ತು. ಬಾಗಿಲು ಅವಳ ಭುಜದ ಮಟ್ಟಕ್ಕೆ ಹೋಗಿತ್ತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಒಳಗಿನ ತಗಡಿಗೆ ಉಜ್ಜಿ ನರಳಿದಂತೆ ಸದ್ದು ಮಾಡುತ್ತಿತ್ತು. ಓಡ್ಡೂರ್ ಸುತ್ತಿಗೆಯಿಂದ ತಗಡು ಬಡಿದ, ಬ್ರೇಕಿನ ಕೊಳವೆಯನ್ನು ತಂತಿಯಿಂದ ಒಳಕ್ಕೆ ಎಳೆದು ಕಟ್ಟಿದ. ಆಮೇಲೆ ಕೊಂಬಿನ ಡಬ್ಬಿಯಿಂದ ಮುಂಗೈಗೆ ನಶ್ಯ ಸುರುವಿಕೊಂಡು ಎಳೆದ.

"ಹಗ್ಗ?"

"ಇದೆ."

"ಸಲಿಕೆ? ಎಣ್ಣೆ ಡಬ್ಬಿ? ಕಾಫಿ?"

"ಎಲ್ಲ ಇದೆ. ರೊಟ್ಟಿ, ಒಣಮೀನು, ಬೆಣ್ಣೆ ಕೂಡ."

"ಹೆಚ್ಚುವರಿ ಚಕ್ರ?"

"ಹಳೇದನ್ನೇ ಹಿಂದೆ ಹಾಕಿದ್ದೀನಿ. ಹೊಸದು ನಾಲ್ಕೇ ತಾನೆ."

"ಸರಿ, ಹತ್ತು."

ಸ್ವಾಲಾ ಹತ್ತಲಿಲ್ಲ. "ಮಾವ, ಏನೋ ಒಂದು ಮರೆತಿದ್ದೀವಿ."

"ನೀನು ಹುಟ್ಟಿದಾಗಿಂದ ಹಾಗೇ ಹೇಳ್ತಾ ಬಂದಿದ್ದೀಯ. ಚರ್ಚಿಗೆ ಹೋಗೋವಾಗಲೂ ಹೇಳ್ತೀಯ."

"ನಿಜವಾಗ್ಲೂ."

"ಮೋಡದಲ್ಲಿ ಇರೋಳಿಗೆ ನೆಲದ ಮೇಲೆ ಏನು ಮರೆತಿದೆ ಅಂತ ಹೇಗೆ ಗೊತ್ತಾಗ್ಬೇಕು? ಹತ್ತು."

ಹತ್ತಿದಳು. ಓಡ್ಡೂರ್ ಮೀಟರನ್ನು ಸೊನ್ನೆಗೆ ತಿರುಗಿಸಿದ, ಜೇಬಿನಿಂದ ಎಣ್ಣೆಕಲೆಯ ನೋಟುಪುಸ್ತಕ ತೆಗೆದು ಅವಳ ಮಡಿಲಿಗೆ ಹಾಕಿದ.

ಹೀದಿಯ ದಾರಿ ಆ ಪುಸ್ತಕದಲ್ಲಿತ್ತು. ಹನ್ನೊಂದು ವರ್ಷ ಅದೇ ಗಾಡಿಯಲ್ಲಿ ಓಡಾಡಿ ಅವನು ಬರೆದಿಟ್ಟ ಕಿಲೋಮೀಟರುಗಳು. ಕೊಟ್ಟಿಗೆಯ ಬಾಗಿಲಿನಿಂದ ಸೊನ್ನೆ. ಐದಕ್ಕೆ ಕುರುಬರ ಕಲ್ಲುಗೂಡು. ಹದಿಮೂರೂವರೆಗೆ ಗುಡ್ಡ ಮುಗಿಯುತ್ತದೆ, ಎಡಕ್ಕೆ ತಿರುಗು. ಇಪ್ಪತ್ತೊಂದಕ್ಕೆ ಗುಡಿಸಲು. ಹದಿಮೂರೂವರೆಯ ಕೆಳಗೆ ಎರಡು ಸಲ ಗೀಟು ಹಾಕಿ ಒಂದು ಸಾಲು: ಹದಿನಾಲ್ಕಕ್ಕೆ ಗಂಟಲು.

ಗಂಟಲು ಎಂದರೆ ಕಮರಿ. ನದಿ ಕೊರೆದ ಸೀಳು. ಬೇಸಿಗೆಯಲ್ಲಿ ಅಂಚಿನಲ್ಲಿ ಮಲಗಿ ನೋಡಿದರೆ ತಳದಲ್ಲಿ ಹಕ್ಕಿಗಳು ಬಿಳಿ ಚುಕ್ಕಿಗಳಂತೆ ಕಾಣುತ್ತವೆ. ಅದಕ್ಕೆ ಆ ಹೆಸರು ಕೊಟ್ಟವರು ಯಾರೋ, ಸ್ವಾಲಾಳಿಗೆ ಅದನ್ನು ಕೊಟ್ಟವಳು ಯೋರುನ್ ಅಜ್ಜಿ. ಅಜ್ಜಿ ಓಡ್ಡೂರನ ತಾಯಿ. ಸತ್ತು ಎರಡು ಚಳಿಗಾಲವಾಗಿತ್ತು. ಆರು ವರ್ಷದ ಸ್ವಾಲಾ ಅಜ್ಜಿಯ ಹಾಸಿಗೆಯಲ್ಲಿ, ಅಜ್ಜಿಯ ಕಂಕುಳಲ್ಲಿ ತಲೆಯಿಟ್ಟು ಕೇಳಿದ ಕಥೆ ಅದು. ಗಂಟಲಲ್ಲಿ ಒಬ್ಬ ರಾಕ್ಷಸಿ ಕೂತು ಹಗಲೂ ಇರುಳೂ ಊದುತ್ತಿರುತ್ತಾಳೆ, ಹೀದಿಯ ಗಾಳಿಯೆಲ್ಲ ಅವಳದೇ ಉಸಿರು. ದಾರಿಹೋಕನ ಹೆಜ್ಜೆ ಸಪ್ಪಳ ಹತ್ತಿರ ಬಂತೋ, ಅವಳು ಉಸಿರು ಬಿಗಿಹಿಡಿಯುತ್ತಾಳೆ. ಪಾಪ, ಅವನು ಗಾಳಿ ನಿಂತಿತು ಅಂದುಕೊಂಡು ಖುಷಿಯಾಗಿ ಹೆಜ್ಜೆ ಜೋರು ಮಾಡುತ್ತಾನೆ.

ಇಲ್ಲಿಗೆ ಬಂದಾಗ ಅಜ್ಜಿ ತಾನೂ ಉಸಿರು ಬಿಗಿಹಿಡಿಯುತ್ತಿದ್ದಳು. ಕೆನ್ನೆಯ ಕೆಳಗೆ ಏರಿಳಿಯುತ್ತಿದ್ದ ಪಕ್ಕೆ ತಟ್ಟನೆ ನಿಲ್ಲುತ್ತಿತ್ತು. ಒಂದು, ಎರಡು, ಮೂರು. ಅಜ್ಜಿ ಸತ್ತೇಹೋದಳೆಂದು ಸ್ವಾಲಾ ಅವಳನ್ನು ಹಿಡಿದು ಅಲುಗಾಡಿಸುತ್ತಿದ್ದಳು. ಇಪ್ಪತ್ಮೂರು ವರ್ಷದವಳಾದ ಮೇಲೂ ಯಾರಾದರೂ ಮಾತಿನ ನಡುವೆ ಸುಮ್ಮನಾದರೆ ಅವಳ ಎದೆ ಹಾರುತ್ತಿತ್ತು.

ಕೊಟ್ಟಿಗೆಯ ಹಿಂದಿನ ಏರು ಮುಗಿದಲ್ಲಿ ಓಡ್ಡೂರ್ ಗಾಡಿ ನಿಲ್ಲಿಸಿ ಟೈರುಗಳಿಂದ ಗಾಳಿ ಬಿಟ್ಟ. ಅವು ಕಾಯಿಸಿದ ಮೇಣದಂತೆ ಹರಡಿಕೊಂಡು ಹಿಮವನ್ನು ಅಪ್ಪಿದವು. ಆಮೇಲೆ ಗಾಡಿ ಹೂತುಹೋಗುವುದನ್ನು ಬಿಟ್ಟು ತೇಲತೊಡಗಿತು. ಸೊಂಟ ಮುಳುಗುವ ಹಿಮದ ಮೇಲೆ ಒಂದು ಗೇಣು ಆಳದ ಹೆಜ್ಜೆ, ಅಷ್ಟೇ. ಓಡ್ಡೂರ್ ಸ್ಟೀರಿಂಗಿನ ಮೇಲೆ ತಾಳ ಹಾಕಿದ.

"ನೋಡಿದ್ಯಾ? ಬಾತುಕೋಳಿ."

ಎರಡು ಕಿಲೋಮೀಟರು ಕಳೆಯುವಷ್ಟರಲ್ಲಿ ಬಿಳಿ ಮುಚ್ಚಿಕೊಂಡಿತು. ಮೇಲೆ ಬಿಳಿ, ಕೆಳಗೆ ಬಿಳಿ, ಗಾಜಿನ ಆಚೆಗೂ ಬಿಳಿ. ಗಾಡಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯಲು ಬಾಗಿಲು ತೆರೆದು ನೆಲ ನೋಡಬೇಕು. ಗಾಳಿ ಪಕ್ಕದಿಂದ ಗುದ್ದುತ್ತಿತ್ತು, ಗಾಡಿಯ ಎತ್ತರದ ಮೈ ಓಲಾಡುತ್ತಿತ್ತು. ಓಡ್ಡೂರನ ಕಣ್ಣು ದಿಕ್ಸೂಚಿಯ ಮೇಲೆ, ಸ್ವಾಲಾಳ ಕಣ್ಣು ಮೀಟರಿನ ಮೇಲೆ. ಅವಳ ಬೆರಳುಗಳು ಪುಸ್ತಕದ ಅಂಚನ್ನು ಮಡಚಿ ಬಿಚ್ಚಿ ಮಡಚಿ ನಾರಾಗಿಸಿದ್ದವು.

ಬಿಳಿಯಲ್ಲಿ ಬಲಗಡೆ ಏನೋ ಕಪ್ಪಗೆ ಸರಿಯಿತು. ಒಟ್ಟಿದ ಕಲ್ಲುಗಳು.

"ಕುರುಬರ ಕಲ್ಲುಗೂಡು," ಅಂದಳು.

"ಮೀಟರು ಎಷ್ಟು?"

"ಮೂರೂವರೆ."

"ಕಲ್ಲುಗೂಡು ಐದಕ್ಕೆ. ಇದು ಬೇರೆ ಯಾವುದೋ. ಬೇಸಿಗೆಯಲ್ಲಿ ಜರ್ಮನಿಯೋರು ಬರ್ತಾರಲ್ಲ, ಮಾಡೋಕೆ ಕೆಲಸ ಇಲ್ದೆ ಕಲ್ಲು ಒಟ್ಟಿ ಹೋಗ್ತಾರೆ."

"ಅದೇ ಥರ ಇತ್ತು ಮಾವ. ಮೇಲ್ಗಡೆ ಕುರಿ ಎಲುಬು ಸಿಕ್ಕಿಸಿದ್ದು."

"ನಿಂಗೆ ಎಲ್ಲ ಕಲ್ಲೂ ಯಾರೋ ಒಬ್ಬರ ಥರಾನೇ ಕಾಣುತ್ತೆ."

ಅದು ನಿಜವೇ. ಆದರೆ ಐದು ಬಂದಾಗ ಬಲಗಡೆ ನೋಡಿದಳು. ಬರೀ ಬಿಳಿ. ಹಿಮ ಮುಚ್ಚಿರಬೇಕು ಅಂದ ಮಾವ. ಆರು. ಏಳು. ಮರೆತದ್ದೇನು, ಮರೆತದ್ದೇನು ಎಂದು ಒಳಗಿನಿಂದ ಯಾರೋ ಕೇಳುತ್ತಲೇ ಇದ್ದರು. ಬ್ರಾಗಿಯ ಸುಟ್ಟ ಕೈ ನೆನಪಾಯಿತು. ಸುಟ್ಟ ಕೈಯಲ್ಲಿ ಬೆಂಕಿಕಡ್ಡಿ ಗೀರಲಾಗುತ್ತದೆಯೇ? ಗೀರಿದರೂ ಯಾವುದಕ್ಕೆ ಹಚ್ಚುತ್ತಾನೆ? ಎಂಟು. ಒಂಬತ್ತು. ಗುಡಿಸಲಿಗೆ ಇನ್ನೂ ಹನ್ನೆರಡು. ಹತ್ತಕ್ಕೆ ಕೂದಲೆಳೆಯಷ್ಟು ಬಾಕಿಯಿದ್ದಾಗ, ಮೈಗೆ ಒರಗಿದ್ದ ಭಾರ ಯಾರೋ ಎತ್ತಿಕೊಂಡಂತೆ ಗಾಡಿ ನೆಟ್ಟಗಾಯಿತು.

"ಹಾ," ಅಂದ ಓಡ್ಡೂರ್. "ಗಾಳಿ ನಿಂತೋಯ್ತು. ನಮ್ಮ ಅದೃಷ್ಟ. ಹದಿಮೂರೂವರೆಗೆ ಇನ್ನೂ ಮೂರೂವರೆ ಇದೆ, ಒಂದು ಓಟ ಓಡಿಸಿಬಿಡೋಣ." ಆಕ್ಸಿಲರೇಟರ್ ಒತ್ತಿದ.

ಸ್ವಾಲಾಳ ಕೆನ್ನೆಯ ಕೆಳಗೆ ಅಜ್ಜಿಯ ಪಕ್ಕೆ ನಿಂತಿತು.

ಒಂದು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಎರಡು. ಗಾಜಿನ ಮುಂದೆ ಹಿಮದ ಹಳಕುಗಳು ಪಕ್ಕಕ್ಕೆ ಹಾರದೆ ಮೆಲ್ಲಗೆ, ಬೆಪ್ಪಾಗಿ, ಮೇಲಕ್ಕೆ ಏಳುತ್ತಿದ್ದವು. ಕೆಳಗಿನಿಂದ ಯಾರೋ ಅವುಗಳನ್ನು ಎತ್ತಿ ಹಿಡಿದಂತೆ.

"ನಿಲ್ಸು."

"ಏನು?"

"ಮಾವ, ನಿಲ್ಸು. ಬಿಗಿ ಹಿಡಿದಿದ್ದಾಳೆ."

"ಯಾರು?"

ಮೂರು. ಎರಡೂ ಕೈಯಿಂದ ಕೈಬ್ರೇಕು ಹಿಡಿದು ಇಡೀ ಮೈಭಾರ ಹಾಕಿ ಎಳೆದಳು. ಗಾಡಿ ಹಿಂಭಾಗ ಬೀಸಿ, ನರಳಿ, ಅಡ್ಡಕ್ಕೆ ಜಾರಿ ನಿಂತಿತು. ಎಂಜಿನ್ ಆರಿತು. ನೋಟುಪುಸ್ತಕ ಅವಳ ಕಾಲ ಬಳಿ ಬಿದ್ದಿತ್ತು.

ಓಡ್ಡೂರ್ ಸ್ಟೀರಿಂಗಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ನಿನ್ನ ಕರ್ಕೊಂಡು ಬಂದಿದ್ದು ನನ್ನ ತಪ್ಪು," ಅಂದ. "ಅಲ್ಲಿ ಹುಡುಗ ಚಳಿಗೆ ಸಾಯ್ತಿದ್ದಾನೆ, ನೀನಿಲ್ಲಿ ಅಜ್ಜಿ ಕಥೆ."

"ಇಳಿದು ನೋಡು. ನೋಡಿದ್ಮೇಲೆ ಬೈ."

"ಗಂಟಲಿಗೆ ಇನ್ನೂ ನಾಲ್ಕು ಕಿಲೋಮೀಟರು ಇದೆ ಕಣೇ."

"ಹಗ್ಗ ಕಟ್ಕೊಂಡು ಇಳಿ."

ಅವನು ಗೊಣಗುತ್ತ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡ. ಅವಳು ಮತ್ತೊಂದು ತುದಿಯನ್ನು ಬಾಗಿಲ ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದಳು. ಸಲಿಕೆ ಊರಿಕೊಂಡು ಅವನು ಬಿಳಿಯೊಳಗೆ ಹೋದ. ಆರು ಹೆಜ್ಜೆಗೆ ಕಾಣದಾದ. ಹಗ್ಗ ಸರಿಯಿತು, ಸರಿಯಿತು, ನಿಂತಿತು. ಸಲಿಕೆ ಹಿಮಕ್ಕೆ ಕುಕ್ಕಿದ ಸಪ್ಪಳ. ಇನ್ನೊಮ್ಮೆ. ಮೂರನೆಯ ಸಪ್ಪಳ ಬರಲಿಲ್ಲ.

"ಮಾವ?"

ಉತ್ತರವಿಲ್ಲ. ಅವಳ ಕೈಯಲ್ಲಿ ಹಗ್ಗ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಆಮೇಲೆ ಎಲ್ಲೋ ಬಹಳ ಕೆಳಗಿನಿಂದ ಕಬ್ಬಿಣ ಕಲ್ಲಿಗೆ ಬಡಿದ ಸಣ್ಣ ಸದ್ದು ಕೇಳಿಸಿತು.

ಓಡ್ಡೂರ್ ಅಂಬೆಗಾಲಿಡುತ್ತ ಹಿಂದಕ್ಕೆ ಬಂದ. ಕೈಯಲ್ಲಿ ಸಲಿಕೆ ಇರಲಿಲ್ಲ. ಗಾಡಿಯ ಮುಂದಿನ ಟೈರಿಗೆ ಬೆನ್ನು ಕೊಟ್ಟು ಹಿಮದಲ್ಲೇ ಕೂತ. ನಶ್ಯದ ಡಬ್ಬಿ ತೆಗೆಯಲು ನೋಡಿದ, ಬೆರಳಿಗೆ ಮುಚ್ಚಳ ಸಿಗಲಿಲ್ಲ.

"ಎಷ್ಟು ದೂರ?" ಕೇಳಿದಳು.

"ಹನ್ನೊಂದು ಹೆಜ್ಜೆ."

ಟೈರು ಅವನ ತಲೆಗಿಂತ ಮೇಲೆ ಹೋಗಿತ್ತು. ಸ್ವಾಲಾ ಅದನ್ನು ನೋಡಿದಳು. ಮತ್ತೆ ಹಿಂದಿನ ತೊಟ್ಟಿಯಲ್ಲಿ ಕಟ್ಟಿದ್ದ ಹಳೆಯ ಚಕ್ರವನ್ನು ನೋಡಿದಳು. ದೊಡ್ಡವರ ಪಕ್ಕ ಓಡುವ ಮಗುವಿನಂತಿತ್ತು ಅದು. ದೊಡ್ಡವರು ಏಳು ಹೆಜ್ಜೆ ಇಟ್ಟರೆ ಮಗು ಹತ್ತು ಇಡಬೇಕು.

"ಮಾವ, ಮೀಟರು ಏನನ್ನು ಎಣಿಸುತ್ತೆ?"

"ಕಿಲೋಮೀಟರು."

"ಅಲ್ಲ. ಅದಕ್ಕೆ ನೆಲ ಕಾಣುತ್ತಾ? ಚಕ್ರ ಎಷ್ಟು ಸಲ ಸುತ್ತಿತು ಅಂತ ಎಣಿಸುತ್ತೆ ತಾನೆ?"

ಹುಬ್ಬಿಲ್ಲದ ಕಣ್ಣು ಅವಳ ಮೇಲೆ ನೆಟ್ಟಿತು. ಮುಖದ ಎರಡೂ ಕಡೆ ಒಂದೇ ಥರ ಆಶ್ಚರ್ಯ ಕಂಡದ್ದು ಅದೇ ಮೊದಲು. "ಅಯ್ಯೋ ನನ್ನ ತಲೆಗಿಷ್ಟು," ಅಂದ. "ಎತ್ತರ ನೋಡಿದೆ. ಬ್ರೇಕು ನೋಡಿದೆ. ತಗಡು ಕುಯ್ದೆ. ಮೀಟರೊಂದು ಬಿಟ್ಟೆ."

ಹಗ್ಗದಿಂದ ಅಳೆದರು. ಹಳೆಯ ಚಕ್ರದ ಸುತ್ತ ಹಗ್ಗ ಸುತ್ತಿ ಗಂಟು ಹಾಕಿದರು. ಹೊಸ ಟೈರಿನ ಸುತ್ತ ಸುತ್ತಿ ಇನ್ನೊಂದು ಗಂಟು. ಎರಡನ್ನೂ ಹಿಮದ ಮೇಲೆ ಹಾಸಿ, ಸ್ವಾಲಾ ತನ್ನ ಗೇಣಿನಿಂದ ಅಳೆದಳು, ಮತ್ತೊಮ್ಮೆ ಅಳೆದಳು. ಸಣ್ಣದಕ್ಕೆ ಹದಿನಾಲ್ಕು, ದೊಡ್ಡದಕ್ಕೆ ಇಪ್ಪತ್ತು. ಪುಸ್ತಕದ ಪ್ರತಿ ಹತ್ತು ಈಗ ಮೀಟರಿನಲ್ಲಿ ಏಳು. ಹದಿನಾಲ್ಕಕ್ಕೆ ಗಂಟಲು ಅಂದರೆ ಹತ್ತಕ್ಕೆ ಕೂದಲೆಳೆ ಕಡಿಮೆ. ಮೂರೂವರೆಗೆ ಕಂಡದ್ದು ಕುರುಬರ ಕಲ್ಲುಗೂಡೇ. ಗುಡ್ಡ ಮುಗಿಯುವ ಜಾಗ ಅರ್ಧ ಕಿಲೋಮೀಟರು ಹಿಂದೆ ಹೋಗಿಬಿಟ್ಟಿತ್ತು.

ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಸ್ವಾಲಾ ಕೆಳಗಿಳಿದು ಅದರ ಹಿಂದೆ ನಡೆದಳು. ಮೊರದಷ್ಟು ಅಗಲದ ಹೆಜ್ಜೆಗುರುತುಗಳು ಇನ್ನೂ ತುಂಬಿಕೊಂಡಿರಲಿಲ್ಲ. ಒಂದೊಂದು ಹೆಜ್ಜೆಗೂ ನೆಲ ಇದೆಯೇ ಎಂದು ತುಳಿದು ನೋಡಿ, ಕೈಬೀಸಿ ಮಾವನನ್ನು ಕರೆದಳು. ಹೆದರಿಕೆ ಹೋಗಿರಲಿಲ್ಲ. ಆದರೆ ಅದಕ್ಕೀಗ ಕೆಲಸ ಸಿಕ್ಕಿತ್ತು. ಗಾಳಿ ಮತ್ತೆ ಬಂದು ಕಪಾಳಕ್ಕೆ ಹೊಡೆದಾಗ ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು.

ತಿರುವಿನಲ್ಲಿ ಮೀಟರನ್ನು ಮತ್ತೆ ಸೊನ್ನೆ ಮಾಡಿದರು. ಅಲ್ಲಿಂದ ಗುಡಿಸಲಿಗೆ ಪುಸ್ತಕದಲ್ಲಿ ಏಳೂವರೆ, ಮೀಟರಿನಲ್ಲಿ ಐದೂಕಾಲು. ಓಡ್ಡೂರ್ ಒಂದು ತಮಾಷೆಯನ್ನೂ ಮಾಡಲಿಲ್ಲ. ಐದೂಕಾಲಿಗೆ ನಿಲ್ಲಿಸಿದ.

ಏನೂ ಇರಲಿಲ್ಲ.

ಹಾರನ್ ಹೊಡೆದರು. ಮೂರು ಸಲ, ಮತ್ತೆ ಮೂರು ಸಲ. ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. ಅಳತೆಯಲ್ಲಿ ಒಂದು ಗೇಣು ತಪ್ಪಿದ್ದರೆ? ನಾವು ಇಪ್ಪತ್ತು ಹೆಜ್ಜೆಯಾಚೆ ನಿಂತಿದ್ದು, ಅವನು ಒಳಗೆ ಕಣ್ಣು ಮುಚ್ಚಿಕೊಂಡಿದ್ದರೆ? ಸ್ವಾಲಾ ಬಾಗಿಲು ತೆರೆದು ಮುಖ ಹೊರಗಿಟ್ಟಳು. ಮೂಗಿನಲ್ಲಿ ಚಳಿ, ಮತ್ತೆ ಚಳಿ, ಆಮೇಲೆ ಇನ್ನೇನೋ. ಬಣ್ಣ ಸುಟ್ಟ ವಾಸನೆ.

"ಬಲಗಡೆ," ಅಂದಳು. "ಮಾವ, ಏನೋ ಉರೀತಿದೆ. ಬಲಗಡೆ."

ಗುಡಿಸಲು ಮೂವತ್ತು ಹೆಜ್ಜೆ ದೂರದಲ್ಲಿ ಹಿಮದಲ್ಲಿ ಕತ್ತಿನವರೆಗೆ ಹೂತಿತ್ತು. ಬಾಗಿಲನ್ನು ಕೈಯಿಂದಲೇ ತೋಡಿ ತೆಗೆದರು, ಸಲಿಕೆ ಇರಲಿಲ್ಲವಲ್ಲ. ಒಳಗೆ ಬ್ರಾಗಿ ಮಲಗುವ ಚೀಲವನ್ನು ಹೊದ್ದು, ಅಡುಗೆಯ ಪಾತ್ರೆಯೊಂದರಲ್ಲಿ ಹಸಿರು ಬಣ್ಣದ ಹಲಗೆ ಚೂರುಗಳನ್ನು ಉರಿಸುತ್ತ ಕೂತಿದ್ದ. ಗಡ್ಡದ ಮೇಲೆ ಮಸಿ, ತುಟಿ ನೀಲಿ, ಬಲಗೈಗೆ ಕಾಲುಚೀಲ ಸುತ್ತಿತ್ತು.

"ಕುರ್ಚಿ ಮುಗೀತು," ಅಂದ ತೊದಲುತ್ತ. "ಮಂಚ ಮುಗೀತು. ಮೇಜಿನ ಒಂದು ಕಾಲು ಉಳಿದಿದೆ. ನಿಧಾನವಾಗೇ ಬರಬಹುದಿತ್ತು."

ಸ್ವಾಲಾ ಅವನ ಎದೆಗೆ ಕಿವಿಯಿಟ್ಟು ಉಸಿರು ಹೋಗಿ ಬರುವುದನ್ನು ಕೇಳುತ್ತ ಕೂತಳು. ಅವನು ಏನು ಎಂದು ಕೇಳಿದರೂ ತಲೆ ಎತ್ತಲಿಲ್ಲ.

ಕಾಫಿ ಕುಡಿಸಿ, ಕಂಬಳಿ ಸುತ್ತಿ, ಅವನನ್ನು ಹೊತ್ತು ತಂದು ನಡುವೆ ಕೂರಿಸಿದರು. ಟೈರುಗಳನ್ನು ನೋಡಿ ಅವನು, "ಇದೇನು, ಹಡಗು ಬಿಚ್ಚಿ ಹಾಕಿದ್ರಾ?" ಅಂದ.

ವಾಪಸು ದಾರಿಯಲ್ಲಿ ಐದೂಕಾಲು ಬಂದಾಗ, ಗಂಟಲಿನ ಬಳಿಯ ತಿರುವಿನಲ್ಲಿ, ಓಡ್ಡೂರ್ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ. ತನ್ನ ಕಡೆಯ ಗಾಜು ಇಳಿಸಿದ. ಹಿಮ ಒಳಗೆ ನುಗ್ಗಿ ಮೂವರ ಮಡಿಲಲ್ಲೂ ಬಿತ್ತು.

"ಏನು ಮಾವ, ಕೆಟ್ಟೋಯ್ತಾ?" ಬ್ರಾಗಿ ಕೇಳಿದ.

"ಸುಮ್ಮನಿರು."

ಎಡಗಡೆಯ ಕತ್ತಲು ಬಿಳಿಯಿಂದ ಗಾಳಿ ಗುದ್ದಿಕೊಂಡು ಬರುತ್ತಿತ್ತು, ಎಡೆಬಿಡದೆ, ಒರಟಾಗಿ. ಓಡ್ಡೂರ್ ಅದನ್ನು ಕಿವಿಗೊಟ್ಟು ಕೇಳಿದ. ಬಹಳ ಸಣ್ಣ ದನಿಯಲ್ಲಿ, ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದ:

"ಉಸಿರು ಬಿಗಿ ಹಿಡ್ಕೋತಿದ್ದಳಲ್ಲ ಅಮ್ಮ, ಕಥೆ ಮಧ್ಯದಲ್ಲಿ. ನಾನು ಎದ್ದು ಓಡಿಹೋಗಿ ಕುರಿಗಳ ಜೊತೆ ಮಲಗ್ತಿದ್ದೆ. ಕೊನೇ ತನಕ ಕೇಳಲೇ ಇಲ್ಲ."

"ಕೊನೇಲಿ ಉಸಿರು ಬಿಡ್ತಾಳೆ," ಅಂದಳು ಸ್ವಾಲಾ.

ಅವನು ಗಾಜು ಏರಿಸಿ, ಗಾಡಿ ಶುರು ಮಾಡಿ ಮನೆಯ ಕಡೆಗೆ ತಿರುಗಿಸಿದ. ಕುರಿಕೊಟ್ಟಿಗೆಯ ದೀಪ ಕಾಣುವವರೆಗೂ ಸ್ವಾಲಾ ಕೈಬ್ರೇಕಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ತೆಗೆ ಎಂದು ಮಾವನೂ ಹೇಳಲಿಲ್ಲ.